ಬಾಣ ಸುತ್ತಿದರೆ ಹೌದು

ಆಫೀಸಿನಲ್ಲಿ ಅವರನ್ನು ಎಲ್ಲರೂ ರಬ್ಬರ್ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ನಕ್ಷೆಯನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಅವರು ಒಂದು ಗೆರೆ ಎಳೆದರೆ ಎರಡು ಸಲ ಅಳಿಸುತ್ತಿದ್ದರು. ಸಂಜೆ ಗುಡಿಸಲು ಹೋದರೆ ಅವರ ಮೂಲೆ ಮೇಜಿನ ಕೆಳಗೆ ಮಾತ್ರ ರಬ್ಬರಿನ ಪುಡಿ, ಸಣ್ಣ ಹುಳುಗಳ ಹಾಗೆ ಸುರುಳಿ ಸುತ್ತಿಕೊಂಡು ಬಿದ್ದಿರುತ್ತಿತ್ತು. ಪೊರಕೆಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ. ಒಂದೊಂದೇ ಕಡ್ಡಿಯಿಂದ ಬಿಡಿಸುವಾಗ ನಾನು ಅವರನ್ನು ಬೈದುಕೊಳ್ಳುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತುಕತೆ ಇಷ್ಟೇ: ನಾನು ಟೀ ಇಡುತ್ತಿದ್ದೆ, ಅವರು ತಲೆಯೆತ್ತದೆ "ಹ್ಞೂಂ" ಅನ್ನುತ್ತಿದ್ದರು.

ಅದು ಊರಿಗೆ ನೀರು ಒಯ್ಯುವ ಕೊಳವೆಗಳ ನಕ್ಷೆ ಬರೆಯುವ ಆಫೀಸು. ಮೂರನೇ ಮಹಡಿ, ಹನ್ನೊಂದು ಮೇಜು, ಒಂದು ಟೀ ಮಾಡುವ ಕಟ್ಟೆ. ನಮ್ಮವರು ಅದೇ ಕಟ್ಟಡದ ಲಿಫ್ಟ್ ನಡೆಸುತ್ತಿದ್ದರು. ಮಧ್ಯಾಹ್ನ ಒಂದೂವರೆಗೆ ಲಿಫ್ಟನ್ನು ಮೂರನೇ ಮಹಡಿಯಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚದಂತೆ ತಮ್ಮ ಸ್ಟೂಲನ್ನು ಅಡ್ಡ ಇಟ್ಟು, ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಊಟ ಮಾಡುತ್ತಿದ್ದರು. ಕೆಳಗೆ ಯಾರಾದರೂ ಗಂಟೆ ಒತ್ತಿದರೆ, "ಕಾಲಿದೆ, ಹತ್ತಿ ಬರಲಿ" ಅನ್ನುತ್ತಿದ್ದರು. ಅವರು ತೀರಿಹೋಗಿ ಬಹಳ ವರ್ಷಗಳಾದವು. ಲಿಫ್ಟು ಈಗ ತನ್ನಷ್ಟಕ್ಕೆ ತಾನೇ ಹತ್ತಿ ಇಳಿಯುತ್ತದೆ.

ಆಮೇಲೆ ಒಂದು ವರ್ಷ ಊರೆಲ್ಲ ಸೋಂಕು ಹರಡಿ, ಎಲ್ಲರೂ ಮನೆಯಲ್ಲೇ ಕೂತು ಕೆಲಸ ಮಾಡಬೇಕೆಂದಾಯಿತು. ಕಂಪ್ಯೂಟರುಗಳು ಮಾತ್ರ ಆಫೀಸಿನಲ್ಲೇ ಉಳಿದವು. ನೀರು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬ ಗುಟ್ಟು ಅವುಗಳ ಹೊಟ್ಟೆಯಲ್ಲಿತ್ತು, ಹೊರಗೆ ಒಯ್ಯುವಂತಿರಲಿಲ್ಲ. ಮನೆಯಿಂದಲೇ ಅವುಗಳೊಳಗೆ ಬರಲು ವಿಪಿಎನ್ ಎಂಬ ದಾರಿ ಮಾಡಿಕೊಟ್ಟರು. ಅದನ್ನು ಜೋಡಿಸಲು ಬಂದಿದ್ದ ಕಂಪ್ಯೂಟರ್ ರಿಪೇರಿಯವರನ್ನು, ಮೇಜಿನ ಕೆಳಗೆ ನುಗ್ಗಲು ಹೊಟ್ಟೆ ಬಿಡದೆ ಅವರು ಒದ್ದಾಡುತ್ತಿದ್ದಾಗ, ಅದೇನೆಂದು ಕೇಳಿದೆ.

"ಅದೂ ಒಂದು ಕೊಳವೆನೇ ಅಮ್ಮಾ. ಅವರ ಮನೇಲಿ ಒಂದು ಬಾಯಿ, ಇಲ್ಲೊಂದು ಬಾಯಿ. ಮಧ್ಯದಲ್ಲಿ ಬೇರೆ ಯಾರೂ ಇಣುಕೋ ಹಾಗಿಲ್ಲ."

"ಸೋರಲ್ವಾ?"

"ಸೋರಿದ್ರೆ ನಾನು ಮನೆಗೆ. ಸ್ವಲ್ಪ ಆ ವೈರು ಹಿಡ್ಕೊಳ್ಳಿ."

ಇಪ್ಪತ್ತಾರು ವರ್ಷ ನನಗಿದ್ದ ಕಟ್ಟಪ್ಪಣೆ ಒಂದೇ, ಕೊನೆಗೆ ಹೋಗುವವರು ಮೇನ್ ಸ್ವಿಚ್ ಇಳಿಸಿ ಹೋಗಬೇಕು. ಕೊನೆಗೆ ಹೋಗುವವಳು ಯಾವಾಗಲೂ ನಾನೇ. ಎಲ್ಲರೂ ಮನೆ ಸೇರಿದ ಮೊದಲ ದಿನ ಖಾಲಿ ಆಫೀಸು ಗುಡಿಸಿದೆ, ಒರೆಸಿದೆ, ಬೆಳಿಗ್ಗೆ ಹನ್ನೊಂದಕ್ಕೆಲ್ಲ ಸ್ವಿಚ್ ಇಳಿಸಿ ಬೀಗ ಹಾಕಿದೆ. ಎರಡು ಮೆಟ್ಟಿಲು ಇಳಿದಿರಲಿಲ್ಲ, ಒಳಗೆ ಫೋನು ಬಡಿದುಕೊಳ್ಳತೊಡಗಿತು. ಓಡಿಹೋಗಿ ತೆಗೆದರೆ ಯಜಮಾನರು.

"ಏನಮ್ಮಾ ಮಾಡಿಬಿಟ್ರಿ? ಹನ್ನೊಂದು ಜನರ ಕೆಲಸ ನಿಂತುಹೋಯ್ತು!"

"ಇಲ್ಲಿ ಯಾರೂ ಇಲ್ವಲ್ಲ ಸರ್."

"ಇದ್ದಾರೆ! ಎಲ್ಲರೂ ಅಲ್ಲೇ ಇದ್ದಾರೆ!"

ಫೋನು ಹಿಡಿದುಕೊಂಡೇ ತಿರುಗಿ ನೋಡಿದೆ. ಹನ್ನೊಂದು ಕುರ್ಚಿಗಳು ಮೇಜಿನೊಳಗೆ ತಳ್ಳಿದ್ದು ತಳ್ಳಿದ ಹಾಗೇ ಇದ್ದವು.

ಸ್ವಿಚ್ಚಿನ ಮೇಲೆ ಕೆಂಪು ಟೇಪು ಬಂತು. ಮರುದಿನದಿಂದ ನಾನು ಗುಡಿಸುವಾಗ ಪರದೆಗಳ ಮೇಲೆ ಬಾಣಗಳು ಓಡಾಡುತ್ತಿದ್ದವು. ಕುರ್ಚಿಯಲ್ಲಿ ಯಾರೂ ಇಲ್ಲ, ಮೌಸಿನ ಮೇಲೆ ಕೈಯಿಲ್ಲ, ಗೆರೆ ಮಾತ್ರ ತಾನಾಗಿ ಎಳೆದುಕೊಳ್ಳುತ್ತಿತ್ತು. ಮೊದಮೊದಲು ಪೊರಕೆ ಹಿಡಿದು ಬಾಗಿಲ ಹತ್ತಿರಕ್ಕೆ ಸರಿದುಬಿಡುತ್ತಿದ್ದೆ. ವಾರ ಕಳೆಯುವುದರೊಳಗೆ ಯಾವ ಬಾಣ ಯಾರದ್ದೆಂದು ಗೊತ್ತಾಗತೊಡಗಿತು. ಒಂದು ಬಾಣ ಮಧ್ಯಾಹ್ನ ಎರಡು ಗಂಟೆ ನಿದ್ದೆ ಹೊಡೆಯುತ್ತಿತ್ತು. ಮೂಲೆಯದು ಗೆರೆ ಎಳೆಯುತ್ತಿತ್ತು, ಅಳಿಸುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಪುಡಿ ಮಾತ್ರ ಬೀಳುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಆಫೀಸಿನವರು ಊರಾಚೆ ಹೊಸ ಕಟ್ಟಡ ಹಿಡಿದರು. ಹತ್ತು ಜನ ಅಲ್ಲಿಗೆ ಹೋದರು, ಹತ್ತು ಕಂಪ್ಯೂಟರೂ ಹೋದವು. ಮೂಲೆಯದು ಉಳಿಯಿತು. ಮೂವತ್ತು ವರ್ಷದ ಹಳೆಯ ನಕ್ಷೆಗಳು ಆ ಮುದಿ ಪೆಟ್ಟಿಗೆಯಲ್ಲಿ ಮಾತ್ರ ತೆರೆಯುತ್ತಿದ್ದವು. ಒಟ್ಟು ನೂರಾ ನಲವತ್ತು ಹಾಳೆ. ಅವನ್ನು ಒಂದೊಂದಾಗಿ ನೋಡಿ ಹೊಸ ರೀತಿಯಲ್ಲಿ ಬರೆದುಕೊಡಬೇಕು, ಅದು ರಬ್ಬರ್ ಅವರ ಪಾಲಿನ ಕೆಲಸ. ನಿವೃತ್ತಿಗೆ ಅವರಿಗೆ ಇನ್ನು ಕೆಲವೇ ತಿಂಗಳಿತ್ತು.

ಅವರು ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಮನೆಯಲ್ಲಿ ಅಕ್ಕ. ತಾಯಿ ಸತ್ತಾಗ ಇವರಿಗೆ ಏಳು ವರ್ಷ, ಅಕ್ಕನಿಗೆ ಹದಿನಾರು. ಆಕೆಯೇ ಇವರನ್ನು ಸಾಕಿದ್ದು. ತಮ್ಮನಿಗೆ ಯಾರು ಗತಿ ಎಂದು ಆಕೆ ಮದುವೆಯಾಗಲಿಲ್ಲ, ಅಕ್ಕನಿಗೆ ಯಾರು ಗತಿ ಎಂದು ಇವರು ಆಗಲಿಲ್ಲ. ಈಗ ಆಕೆಗೆ ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಇಟ್ಟರೆ ಅಕ್ಕ ಎರಡು ದಿನ ಬಾಯಿಯೇ ತೆರೆಯಲಿಲ್ಲವಂತೆ. ತಮ್ಮನ ಕೈಯ ತುತ್ತು ಬಿಟ್ಟು ಬೇರೆ ತುತ್ತು ಒಳಗೆ ಹೋಗುತ್ತಿರಲಿಲ್ಲ.

ಈ ಸಂಗತಿಗಳೆಲ್ಲ ನನಗೆ ತಿಳಿದದ್ದು ಆ ಪೆಟ್ಟಿಗೆಯಿಂದಲೇ.

ಅದರದ್ದೊಂದು ರೋಗವಿತ್ತು. ಕರೆಂಟು ಹೋದರೆ ತಾನಾಗಿ ಏಳುತ್ತಿರಲಿಲ್ಲ. ಯಾರಾದರೂ ಗುಂಡಿ ಒತ್ತಬೇಕು. ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ತೋರಿಸಿ ನಿಂತುಬಿಡುತ್ತಿತ್ತು, ಆಗ ಕೀಲಿಮಣೆಯಲ್ಲಿ ಎಫ್ ಒಂದನ್ನು ಒತ್ತಬೇಕು. ಅಲ್ಲಿಯವರೆಗೆ ಮನೆಯಲ್ಲಿ ಕೂತವರಿಗೆ ಏನೂ ಕಾಣದು. ಎದ್ದ ಮೇಲೂ ಅದಕ್ಕೆ ಇವತ್ತಿನ ತಾರೀಖು ಮರೆತುಹೋಗಿರುತ್ತಿತ್ತು. ತಾನು ಹುಟ್ಟಿದ ವರ್ಷದ ಜನವರಿ ಒಂದು ಎಂದೇ ತೋರಿಸುತ್ತಿತ್ತು.

"ಒಳಗೊಂದು ಸಣ್ಣ ಬ್ಯಾಟರಿ ಸತ್ತಿದೆ ಅಮ್ಮಾ," ಅಂದರು ರಿಪೇರಿಯವರು.

"ಬೇರೆ ಹಾಕಿ."

"ಹಾಕೋಕೆ ಬಿಚ್ಚಬೇಕು. ಬಿಚ್ಚಿದ್ರೆ ಈ ಮುದುಕ ಮತ್ತೆ ಏಳ್ತಾನೋ ಇಲ್ವೋ, ನಾನಂತೂ ಹೊಣೆ ಅಲ್ಲ. ನೀವೇ ದಿನಾ ಎಬ್ಬಿಸಿ, ತಾರೀಖು ಹೇಳಿಕೊಡಿ. ಅದೊಂದು ಮರೀಬೇಡಿ. ಪ್ರತಿ ಶನಿವಾರ ಹೊಸ ಆಫೀಸಿನ ಕಂಪ್ಯೂಟರ್ ಇದರ ಹಾಳೆಗಳನ್ನ ತನ್ನ ಹಾಳೆಗಳ ಜೊತೆ ಹೋಲಿಸಿ ನೋಡತ್ತೆ. ಯಾವುದರ ತಾರೀಖು ಈಚೆಯದೋ ಅದನ್ನ ಎರಡೂ ಕಡೆ ಇಟ್ಕೊಳ್ಳತ್ತೆ, ಇನ್ನೊಂದನ್ನ ಎಸೆಯತ್ತೆ. ತಾರೀಖು ತಪ್ಪಿದ್ರೆ ಕೆಲಸ ನೀರುಪಾಲು."

ಹೀಗೆ ಆಫೀಸಿನಲ್ಲಿ ಉಳಿದ ಒಂದು ಕಂಪ್ಯೂಟರಿಗೆ ನಾನೊಬ್ಬಳು ಕಾವಲು ಎಂದಾಯಿತು.

ಮೊದಲು ಅವರು ಫೋನು ಮಾಡಿ, ಇದೊತ್ತಿ ಅದೊತ್ತಿ ಎಂದು ಹೇಳುತ್ತಿದ್ದರು. ಆದರೆ ಕಾಣದ ಯಾರ ಜೊತೆಗೋ ತಮ್ಮ ಮಾತಾಡುತ್ತಾನೆಂದು ಅಕ್ಕನಿಗೆ ಸಿಟ್ಟು, ಆಡುವ ಬಲಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದಳು. ಆ ಸದ್ದು ನನಗೂ ಕೇಳಿಸುತ್ತಿತ್ತು. ಒಂದು ದಿನ ಫೋನು ಬರಲಿಲ್ಲ. ಪರದೆಯ ಮೇಲೆ ನಕ್ಷೆ ಸರಿದು ಬಿಳಿ ಹಾಳೆ ಬಂತು. ಅದರ ಮೇಲೆ ಒಂದೊಂದೇ ಅಕ್ಷರ, ದೊಡ್ಡದಾಗಿ:

"ಅಮ್ಮಾ, ಇದ್ದೀರಾ? ಓದೋಕೆ ಬರುತ್ತಾ? ಬಂದರೆ ಬಾಣವನ್ನು ಗುಂಡಗೆ ಸುತ್ತಿಸಿ. ಅದು ಹೌದು. ಆ ಕಡೆ ಈ ಕಡೆ ಆಡಿಸಿದರೆ ಅಲ್ಲ."

ನಾನು ನಾಲ್ಕನೇ ತರಗತಿ. ತಡವಾಗಿ ಓದಿದರೂ ಓದುತ್ತೇನೆ. ಮೌಸನ್ನು ಹಿಡಿದು ಸುತ್ತಿಸಿದೆ.

ಆಮೇಲೆ ಅದು ದಿನದ ಮಾತಾಯಿತು. ಎದುರು ಕಟ್ಟಡದ ನೀಲಿ ಬಾಗಿಲು ಇನ್ನೂ ಇದೆಯಾ? ಬಣ್ಣ ಬದಲಿಸಿದ್ದರು, ಪಕ್ಕಕ್ಕೆ ಆಡಿಸಿದೆ. ನನ್ನ ಮರದ ಸ್ಕೇಲು ಡ್ರಾಯರಿನಲ್ಲಿದೆಯಾ? ಇತ್ತು, ಸುತ್ತಿಸಿದೆ. ಅಕ್ಕ ಇವತ್ತು ಅರ್ಧ ಬಟ್ಟಲು ಗಂಜಿ ಕುಡಿದಳು. ಅದಕ್ಕೆ ಹೌದೂ ಬೇಡ ಅಲ್ಲವೂ ಬೇಡ, ಆದರೂ ಸುತ್ತಿಸಿದೆ. ಇಬ್ಬರ ಕೈಗೂ ಇದ್ದದ್ದು ಒಂದೇ ಬಾಣ. ನಾನು ಆಡಿಸುವಾಗ ಅವರೂ ಮುಟ್ಟಿದರೆ ಅದು ನಡುಗುತ್ತಿತ್ತು. ಆಗ ಇಬ್ಬರೂ ಬಿಟ್ಟುಬಿಡುತ್ತಿದ್ದೆವು.

ಒಂದು ದಿನ ಬರೆದರು: "ಆಫೀಸಲ್ಲಿ ನನ್ನನ್ನು ರಬ್ಬರ್ ಅಂತಿದ್ರು ಅಲ್ವಾ?"

ಮೆಲ್ಲಗೆ ಸುತ್ತಿಸಿದೆ.

"ನೀವೂ?"

ಪಕ್ಕಕ್ಕೆ ಆಡಿಸಿದೆ. ಸುಳ್ಳೇನಲ್ಲ. ನಾನು ಬೈಯುತ್ತಿದ್ದದ್ದು ಬೇರೆ ಹೆಸರಿನಿಂದ.

ಮಳೆಗಾಲ ಮುಗಿಯುವ ಹೊತ್ತಿಗೆ ಯಜಮಾನರು ಬಂದರು. ನಿಂತೇ ಮಾತಾಡಿದರು. ಕಟ್ಟಡದ ಮಾಲೀಕರು ಒಳಗೆಲ್ಲ ಒಡೆದು ಹೊಸದಾಗಿ ಕಟ್ಟುತ್ತಾರೆ, ಈ ತಿಂಗಳ ಮೂವತ್ತಕ್ಕೆ ನಾವು ಮಹಡಿ ಬಿಡಬೇಕು.

"ಆ ಕಂಪ್ಯೂಟರ್?" ಅಂದೆ.

"ಅದು ಗುಜರಿಗೆ. ಅಷ್ಟರೊಳಗೆ ಹಾಳೆ ಮುಗಿಸಿದ್ರೆ ಅವರು ಮನೇಲೇ ಇದ್ದು ನಿವೃತ್ತಿ ತಗೊಳ್ಳಲಿ. ಮುಗೀದಿದ್ರೆ ಹೊಸ ಆಫೀಸಿಗೆ ಬಂದು, ಹಳೇ ಕಾಗದದ ನಕ್ಷೆ ಹರಡಿಕೊಂಡು ಉಳಿದದ್ದು ಬರೀಬೇಕು. ದಿನಾ, ಒಂಬತ್ತರಿಂದ ಆರು."

"ಅವರ ಅಕ್ಕ?"

"ನನಗೂ ಗೊತ್ತಮ್ಮಾ. ನಾನೇನು ಕಲ್ಲಾ? ಆದರೆ ನನ್ನ ಮೇಲೂ ಒಬ್ಬರಿದ್ದಾರೆ."

ಹೊಸ ಆಫೀಸು ಎರಡು ಬಸ್ಸಿನ ದೂರ. ಹೋಗಿ ಬರುವ ಹೊತ್ತು ಸೇರಿಸಿದರೆ ದಿನಕ್ಕೆ ಹನ್ನೆರಡು ಗಂಟೆ, ಬೇರೆಯವರ ತುತ್ತಿಗೆ ಬಾಯಿ ತೆರೆಯದ ಒಬ್ಬ ಹೆಂಗಸು ಮನೆಯಲ್ಲಿ ಒಂಟಿ. ಆಗಿನ್ನೂ ಇಪ್ಪತ್ತಾರು ಹಾಳೆ ಬಾಕಿಯಿತ್ತು. ದಿನಕ್ಕೊಂದರಂತೆ ಲೆಕ್ಕ ಹಾಕಿದರೆ ಮೂವತ್ತಕ್ಕೆ ಸರಿಯಾಗಿ ಮುಗಿಯುತ್ತಿತ್ತು, ಒಂದು ದಿನವೂ ಕೆಡದಿದ್ದರೆ.

ಆದರೆ ಕೆಳಗಿನ ಮಹಡಿಗಳಲ್ಲಿ ಆಗಲೇ ಗೋಡೆ ಒಡೆಯಲು ಶುರುಮಾಡಿದ್ದರು. ದಿನಕ್ಕೆ ಮೂರು ಸಲ, ನಾಲ್ಕು ಸಲ ಕರೆಂಟು ಕೀಳುತ್ತಿದ್ದರು. ಹತ್ತು ಜನ ಹೋದ ಮೇಲೆ ದಿನಕ್ಕೆ ಎರಡು ಗಂಟೆಯ ಕೆಲಸದವಳಾಗಿದ್ದ ನಾನು ಬೆಳಿಗ್ಗೆ ಎಂಟರಿಂದ ಅವರ ಕುರ್ಚಿಯಲ್ಲೇ ಕೂರತೊಡಗಿದೆ. ಗುಂಡಿ, ಎಫ್ ಒಂದು, ತಾರೀಖು. ನನಗೂ ಮನೆಯಲ್ಲಿ ಕಾಯುವವರು ಯಾರಿದ್ದರು?

ಈಗ ನನ್ನ ತಪ್ಪು ಹೇಳುತ್ತೇನೆ.

ಆ ಪೆಟ್ಟಿಗೆ ಹುಟ್ಟಿದ ವರ್ಷವಿದೆಯಲ್ಲ, ಅದು ನಮ್ಮವರ ಕೊನೆಯ ವರ್ಷ. ಅವರು ಹೋದದ್ದು ಆ ವರ್ಷದ ಮಾರ್ಚಿನಲ್ಲಿ. ಪೆಟ್ಟಿಗೆ ಎದ್ದಾಗಲೆಲ್ಲ ಜನವರಿ ಒಂದು ಎನ್ನುತ್ತಿತ್ತು, ಅಂದರೆ ಅವರಿನ್ನೂ ಇದ್ದರು. ನಾನು ದಿನಕ್ಕೆ ನಾಲ್ಕು ಸಲ ಆ ವರ್ಷವನ್ನು ಅಳಿಸಿ ಈ ವರ್ಷವನ್ನು ಹಾಕಬೇಕು. ಮೊದಲು ಅದು ಬರೀ ಅಂಕಿಯಾಗಿತ್ತು. ಆ ಗುರುವಾರ ಮಧ್ಯಾಹ್ನ ಒಂದೂವರೆಗೆ ಕರೆಂಟು ಹೋಗಿ ಬಂತು, ಗುಂಡಿ ಒತ್ತಿದೆ, ಎಫ್ ಒಂದು ಒತ್ತಿದೆ. ಅದೇ ಹೊತ್ತಿಗೆ ಹೊರಗೆ ಲಿಫ್ಟು ನಮ್ಮ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಯಾರೂ ಇಳಿಯಲಿಲ್ಲ. ಕೆಲಸದವರು ತಪ್ಪಿ ಒತ್ತಿದ್ದಿರಬೇಕು. ಸ್ವಲ್ಪ ಹೊತ್ತು ತೆರೆದಿದ್ದು ತಾನೇ ಮುಚ್ಚಿಕೊಂಡಿತು.

ತಾರೀಖು ಬದಲಿಸಲು ಕೈ ಏಳಲಿಲ್ಲ. ಊಟ ಮುಗಿಸಿ ಬದಲಿಸೋಣ ಎಂದು ಡಬ್ಬಿ ತೆರೆದೆ. ಊಟವಾಯಿತು, ಬದಲಿಸಲಿಲ್ಲ. ಇವತ್ತೊಂದು ದಿನ ಇರಲಿ ಎಂದುಕೊಂಡೆ. ಬಾಣ ಆಗಲೇ ಓಡಾಡುತ್ತಿತ್ತು, ಅವರು ಕೆಲಸಕ್ಕೆ ಕೂತಿದ್ದರು. ಪರದೆಯ ಮೂಲೆಯ ಆ ಸಣ್ಣ ಅಂಕಿ ಅವರ ಕಣ್ಣಿಗೆ ಬೀಳಲಿಲ್ಲ. ವಿಚಿತ್ರವೆಂದರೆ ಶುಕ್ರವಾರ ಶನಿವಾರ ಕರೆಂಟು ಹೋಗಲೇ ಇಲ್ಲ. ನಾನು ಧೂಳು ಒರೆಸುತ್ತ ಜನವರಿ ಎರಡು, ಜನವರಿ ಮೂರು ಎಂದು ಓದಿಕೊಂಡೆ. ಶನಿವಾರದ ಮಾತು ನನ್ನ ತಲೆಯಿಂದ ಹಾರಿಯೇ ಹೋಗಿತ್ತು.

ಸೋಮವಾರ ಬೆಳಿಗ್ಗೆ ಬಿಳಿ ಹಾಳೆ ಬಂತು.

"ಅಮ್ಮಾ, ಮೂರು ದಿನದ ಕೆಲಸ ಇಲ್ಲ. ತಿದ್ದಿದ ಹಾಳೆ ಹೋಗಿ ಹಳೇ ಅರ್ಧಂಬರ್ಧ ಹಾಳೆ ಬಂದು ಕೂತಿದೆ. ಗುರುವಾರ ತಾರೀಖು ಸರಿ ಮಾಡಿದ್ರಾ?"

ಕೋಣೆಯಲ್ಲಿ ನಾನೊಬ್ಬಳೇ. ಸುತ್ತಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುದಿ ಪೆಟ್ಟಿಗೆ, ತಾನೇ ಮರೆಯಿತು ಅನ್ನಬಹುದಿತ್ತು. ಮೌಸಿನ ಮೇಲೆ ಕೈಯಿಟ್ಟೆ. ಬಾಣವನ್ನು ಆ ಕಡೆ ಒಯ್ದೆ. ಈ ಕಡೆ ತಂದೆ.

ಆಮೇಲೆ ಒಂದೇ ಮಾತು ಬಂತು: "ಯಾಕೆ?"

ಯಾಕೆ ಎಂಬುದಕ್ಕೆ ಬಾಣದಲ್ಲಿ ಉತ್ತರವಿರಲಿಲ್ಲ. ಕೀಲಿಮಣೆಯ ಮೇಲೆ ಒಂದು ಬೆರಳಿಟ್ಟು ಅಕ್ಷರ ಹುಡುಕತೊಡಗಿದೆ. ಧೂಳು ಒರೆಸಿದಷ್ಟು ಸುಲಭವಲ್ಲ ಅದು. ಒತ್ತಿದ್ದು ಬೇರೆ, ಬಂದದ್ದು ಬೇರೆ. ಅವರು ಅಲ್ಲಿ ಏನನ್ನೂ ಮುಟ್ಟದೆ ಕಾದರು. ಅರ್ಧ ಗಂಟೆಯಲ್ಲಿ ಇಷ್ಟು ಬರೆದೆ: "ಆ ವರ್ಷ ನಮ್ಮವರು ಇದ್ದರು."

ಬಾಣ ಮೆಲ್ಲಗೆ ಬಂದು ನಾನು ಬರೆದ ಸಾಲಿನ ಕೆಳಗೆ ನಿಂತಿತು. ಅವರು ಅದನ್ನು ಅಳಿಸಲಿಲ್ಲ. ಕೆಳಗೆ ಬರೆದರು: "ತಾರೀಖು ಸರಿ ಮಾಡಿ. ಮತ್ತೆ ಬರೆಯೋಣ." ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮೂರು ಹಾಳೆ ಹಿಂದೆ ಬಿದ್ದೆವು. ಉಳಿದದ್ದು ಒಂಬತ್ತು ದಿನ. ಅವರು ಟೀಗೆ ಏಳಲಿಲ್ಲ, ಅಕ್ಕನಿಗೆ ಉಣಿಸುವಾಗ ಮಾತ್ರ ಬಾಣ ನಿಲ್ಲುತ್ತಿತ್ತು. ಬಿಳಿ ಹಾಳೆ ತೆರೆಯುವುದೂ ನಿಂತಿತು. ಹುಟ್ಟಿದ ಮೇಲೆ ಮೊದಲ ಸಲ, ರಬ್ಬರ್ ಒಂದು ಗೆರೆ ಎಳೆದು ಅಳಿಸದೆ ಮುಂದೆ ಹೋಗುವುದನ್ನು ನೋಡಿದೆ. ನನಗೆ ಅಳು ಬಂತು.

ಮೂವತ್ತನೇ ತಾರೀಖು ಮಧ್ಯಾಹ್ನ ನಾಲ್ಕಕ್ಕೆ ಸಾಮಾನು ಎತ್ತುವವರು ಬಂದರು, ಒಬ್ಬ ಮೇಸ್ತ್ರಿ, ಇಬ್ಬರು ಆಳುಗಳು. ಪರದೆಯಲ್ಲಿ ಕೊನೆಯ ಹಾಳೆ ಅರ್ಧವಾಗಿತ್ತು. ನಾನು ಬಕೆಟ್ಟು ತಂದು ಬಾಗಿಲಿನಿಂದ ಮೂಲೆಯವರೆಗೆ ನೀರು ಚೆಲ್ಲಿ ಒರೆಸತೊಡಗಿದೆ.

"ದಾರಿ ಬಿಡಿ ಅಮ್ಮಾ, ಆ ಪೆಟ್ಟಿಗೆ ಎತ್ಕೊಂಡು ಹೋಗ್ತೀವಿ."

"ನೆಲ ಒದ್ದೆ. ಒಣಗಲಿ."

ಇಪ್ಪತ್ತು ನಿಮಿಷ ನಿಂತರು. "ಒಣಗಿತಲ್ಲಮ್ಮಾ?"

"ನಿಮ್ಮ ಕಣ್ಣಿಗೆ ಒಣಗಿದೆ. ನಿಮ್ಮ ಬೂಟಿನ ಕಲೆ ನೋಡಿ." ಮತ್ತೆ ಚೆಲ್ಲಿದೆ.

"ಈ ನೆಲನೇ ನಾಳೆ ಒಡೀತೀವಿ! ಒಡೆಯೋ ನೆಲಾನ ಯಾಕಮ್ಮಾ ಒರೆಸ್ತೀರಾ?"

"ಒಡೆಯೋದು ನಿಮ್ಮ ಕೆಲಸ, ಒರೆಸೋದು ನನ್ನದು. ನಿಮ್ಮ ಕೆಲಸಕ್ಕೆ ನಾನು ಬಂದ್ನಾ?"

ಆಳುಗಳಲ್ಲಿ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಮೇಸ್ತ್ರಿ ಬಾಗಿಲಲ್ಲೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. "ನಮ್ಮ ಅತ್ತೆನೂ ಹೀಗೇ," ಅಂದ. ಅವರಿಗೆ ಟೀ ಮಾಡಿ ಕೊಟ್ಟೆ. ಆ ಕಟ್ಟೆಯ ಮೇಲೆ ನಾನು ಮಾಡಿದ ಕೊನೆಯ ಟೀ ಅದು. ಮೂರನೇ ಸಲ ಒರೆಸುವಾಗ ನನ್ನ ಸೊಂಟ ಹಿಡಿದುಕೊಂಡಿತು. ಬಕೆಟ್ಟಿನ ಅಂಚು ಹಿಡಿದು ನಿಂತೇ ಪರದೆ ನೋಡಿದೆ.

ಐದೂಮುಕ್ಕಾಲಿಗೆ ನಕ್ಷೆ ಸರಿದು ಬಿಳಿ ಹಾಳೆ ಬಂತು.

"ನೂರಾ ನಲವತ್ತು. ಕಳಿಸಿದೆ. ಹೊಸ ಆಫೀಸಿಗೆ ಮುಟ್ಟಿತಂತೆ. ಆರಿಸಿ ಅಮ್ಮಾ."

ನಾನು ಬಾಣ ಸುತ್ತಿಸಿದೆ. ಅವರೂ ಅದೇ ಹೊತ್ತಿಗೆ ಮುಟ್ಟಿದರೇನೋ, ಅದು ನಡುಗಿತು. ಈ ಸಲ ನಾನು ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಣ ಹಗುರಾಯಿತು, ಆ ಕಡೆ ಕೈ ತೆಗೆದಿದ್ದರು. ನಾನು ಹೋಗಿ ಕೆಂಪು ಟೇಪು ಕಿತ್ತು ಮೇನ್ ಸ್ವಿಚ್ ಇಳಿಸಿದೆ.

ಅಕ್ಕ ಅದಾದ ಮೇಲೆ ಹನ್ನೊಂದು ವಾರ ಬದುಕಿದ್ದಳು. ಹನ್ನೊಂದು ವಾರವೂ ಇವರು ಅವಳ ಮಂಚದ ಪಕ್ಕದಲ್ಲಿದ್ದರು. ಸುದ್ದಿ ಹೇಳಿದ್ದು ರಿಪೇರಿಯವರು, ವಿಳಾಸ ಬರೆದುಕೊಟ್ಟದ್ದೂ ಅವರೇ. ಒಂದು ಭಾನುವಾರ ಹೋದೆ.

ಬಾಗಿಲು ತೆರೆದವರು ತೀರಾ ಇಳಿದುಹೋಗಿದ್ದರು. "ಬನ್ನಿ ಅಮ್ಮಾ," ಅಂದರು. ಆ ದನಿಯನ್ನು ಫೋನಿನಲ್ಲಿ ಕೇಳಿದ್ದೆ, ಎದುರಿಗೆ ಕೇಳಿ ಮೂರು ವರ್ಷವಾಗಿತ್ತು. ಒಂದೇ ಕೋಣೆ. ಮಂಚ ಇನ್ನೂ ಅಲ್ಲೇ ಇತ್ತು, ಹಾಸಿಗೆ ಸುತ್ತಿಟ್ಟಿದ್ದರು. ಮಂಚದ ಪಟ್ಟಿಯ ಬಲಗಡೆ ಬಣ್ಣ ಸವೆದಿತ್ತು. ಕಿಟಕಿಯ ಹತ್ತಿರ ಮೇಜು, ಮೇಜಿನ ಮೇಲೆ ಮನೆಯ ಕಂಪ್ಯೂಟರ್. ಅದು ಚಾಲೂ ಇತ್ತು. ಪರದೆಯ ಮಧ್ಯೆ ಒಂದು ಸಣ್ಣ ಚೌಕ, ಅದರಲ್ಲಿ: ಸಂಪರ್ಕ ಸಾಧ್ಯವಾಗಲಿಲ್ಲ, ಮತ್ತೆ ಪ್ರಯತ್ನಿಸಿ.

ನಾನು ಓದುವುದನ್ನು ಅವರು ನೋಡಿದರು.

"ಅಭ್ಯಾಸ," ಅಂದರು. "ಬೆಳಿಗ್ಗೆ ಎದ್ದು ಒತ್ತುತ್ತೀನಿ. ಆ ಕಡೆ ಏನೂ ಇಲ್ಲ ಅಂತ ಗೊತ್ತು."

ಪರದೆಯ ಮೇಲೆ ಎಷ್ಟೆಲ್ಲ ಬರೆದವರು ಈಗ ಉಗುರು ನೋಡಿಕೊಳ್ಳುತ್ತಿದ್ದರು. ನಾನು ಮಂಚದ ಪಟ್ಟಿ ನೋಡುತ್ತಿದ್ದೆ. ಹೊರಗೆ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು.

ಕೊನೆಗೆ ಅವರು, "ಟೀ ಕುಡೀತೀರಾ?" ಎಂದು ಕೇಳಿದರು.

ಮೇಜಿನ ಮೇಲೆ ಬೆರಳಿಟ್ಟು ಗುಂಡಗೆ ಸುತ್ತಿಸಿದೆ.

ಅವರು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಾಗಿಲ ಸಂದಿಯಿಂದ ಕಾಣುತ್ತಿತ್ತು, ಕಟ್ಟೆಯ ಮೇಲೆ ಒಂದು ಲೋಟ, ಅದರ ಪಕ್ಕ ಅಕ್ಕನಿಗೆ ಕುಡಿಸುತ್ತಿದ್ದ ಕೊಕ್ಕಿನ ಬಟ್ಟಲು. ಮನೆಯಲ್ಲಿ ಇದ್ದದ್ದು ಅವೆರಡೇ. ಅವರು ಬಟ್ಟಲನ್ನು ಕೈಗೆ ತೆಗೆದುಕೊಂಡು ನಿಂತರು, ಮತ್ತೆ ಅಲ್ಲೇ ಇಟ್ಟರು. ಲೋಟ ತೊಳೆದು ಟೀ ಹಾಕಿ ನನಗೆ ತಂದುಕೊಟ್ಟರು.

"ನಿಮಗೆ?" ಅಂದೆ.

"ನಂದಾಯ್ತು," ಅಂದರು.

ಆಗಿರಲಿಲ್ಲ. ನಾನು ಅರ್ಧ ಕುಡಿದು, ಲೋಟವನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದೆ.